ಮದುವೆ ವಿಡಿಯೋದಲ್ಲಿ ಆಯಾ ಜೋಡಿಯ ಸ್ವಭಾವ ಕಾಣುವಂತೆ ಚಿತ್ರೀಕರಿಸುವುದು ಹೇಗೆ?

ಮೊದಲು ಇಬ್ಬರ ಜೊತೆ ಕೂತು ಮಾತಾಡಿ. ಯಾವ ಹಾಡು ಬೇಕು ಅನ್ನೋದಕ್ಕಿಂತ, ಜಗಳ ಆದಮೇಲೆ ಮೊದಲು ಮಾತಾಡಿಸುವುದು ಯಾರು ಅಂತ ಕೇಳಿ. ಆಗ ಯಾರು ಯಾರ ಮುಖ ನೋಡುತ್ತಾರೆ ಅಂತಲೂ ಗಮನಿಸಿ. ಸಂಕೋಚದವರಾದರೆ ದೂರದಿಂದಲೇ ಮುಖ ಹತ್ತಿರ ಕಾಣಿಸುವ 85 ಎಂಎಂ ಲೆನ್ಸ್ ಹಾಕಿ ದೂರ ನಿಲ್ಲಿ. ಮಾತುಗಾರರಾದರೆ ಸುತ್ತಲಿನದೂ ಅಗಲವಾಗಿ ಕಾಣಿಸುವ 35 ಎಂಎಂ ಹಾಕಿ ಹತ್ತಿರವೇ ಹೋಗಿ. ಎಲ್ಲದಕ್ಕೂ ಸ್ಲೋ ಮೋಷನ್ ಬೇಡ. ಪಟಪಟ ಓಡಾಡುವ ಹುಡುಗಿ ಅದರಲ್ಲಿ ಬೇರೆ ಯಾರೋ ಆಗಿಬಿಡುತ್ತಾಳೆ, ಅಲ್ವಾ?

ನನ್ನ ಪ್ರಕಾರ ಧ್ವನಿಯೇ ಜಾಸ್ತಿ ಮುಖ್ಯ. ಬಟ್ಟೆಗೆ ಸಣ್ಣ ಮೈಕ್ ಸಿಕ್ಕಿಸಿದರೆ ಇಬ್ಬರ ಪಿಸುಮಾತು, ತಡೆಯಲಾಗದ ನಗು ಎಲ್ಲ ಸಿಗುತ್ತದೆ. ಎಡಿಟ್ ಮಾಡುವಾಗ ಅದನ್ನು ಹಾಡಿನಿಂದ ಮುಚ್ಚಬೇಡಿ. ಮೈಕ್ ಆನ್ ಇದೆ ಅಂತ ಮಾತ್ರ ಇಬ್ಬರಿಗೂ ಮೊದಲೇ ಹೇಳಿರಬೇಕು.