ಪೋಟಬಲ್ ಬೇರೆ, ಪೋರ್ಟಬಲ್ ಬೇರೆ

ಟ್ಯಾಂಕರ್ ನೀರು ಸರಬರಾಜಿನ ಟೆಂಡರ್‌ನಲ್ಲಿ ‘ಪೋಟಬಲ್ ವಾಟರ್’ ಅಂತ ಇದೆ, ಅದು ‘ಪೋರ್ಟಬಲ್’ ಆಗಬೇಕಿತ್ತಾ ಅಂತ ಕೇಳಿದ್ದೀರಿ. ಇಲ್ಲ, ಅಚ್ಚಾಗಿರುವುದು ಸರಿಯಾಗಿಯೇ ಇದೆ.

ಪೋರ್ಟಬಲ್ ಅಂದರೆ ಸುಲಭವಾಗಿ ಹೊತ್ತೊಯ್ಯಬಹುದಾದದ್ದು. ಪೋಟಬಲ್‌ನಲ್ಲಿ ನಡುವಿನ ‘ಆರ್’ ಅಕ್ಷರ ಇಲ್ಲ. ಲ್ಯಾಟಿನ್‌ನಲ್ಲಿ ಕುಡಿಯುವುದಕ್ಕೆ ‘ಪೋಟಾರೆ’ ಅನ್ನುತ್ತಾರೆ, ಪದ ಬಂದದ್ದು ಅಲ್ಲಿಂದ. ಕುಡಿಯಲು ಯೋಗ್ಯ, ಕುಡಿದರೆ ಆರೋಗ್ಯಕ್ಕೆ ತೊಂದರೆ ಇಲ್ಲ ಅಂತ ಅರ್ಥ. ಎಷ್ಟೋ ಟ್ಯಾಂಕರ್‌ಗಳ ಮೇಲೇ ತಪ್ಪಾಗಿ ‘ಪೋರ್ಟಬಲ್ ವಾಟರ್’ ಅಂತ ಬರೆಸಿರುತ್ತಾರೆ. ಅದನ್ನೇ ನೋಡಿ ನೋಡಿ ಕಣ್ಣಿಗೆ ರೂಢಿಯಾಗಿಬಿಟ್ಟಿದೆ.

ನಾನು ಕೋಲಾರದವನು. ನಮ್ಮ ಕಡೆಯವರು ಈ ಪದವನ್ನು ಸರಿಯಾಗಿ ತಿಳಿದಿರಲೇಬೇಕು ಅನ್ನಿಸುತ್ತದೆ. ಯಾಕೆಂದರೆ ನೀರು ತಿಳಿಯಾಗಿದ್ದ ಮಾತ್ರಕ್ಕೆ ಪೋಟಬಲ್ ಆಗುವುದಿಲ್ಲ. ಬೋರ್‌ವೆಲ್ ನೀರನ್ನು ಲೋಟಕ್ಕೆ ಹಿಡಿದರೆ ತಳ ಕಾಣುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಆದರೆ ಫ್ಲೋರೈಡ್ ಇದ್ದರೂ ಕಣ್ಣಿಗೆ ಕಾಣುವುದಿಲ್ಲ ಅಲ್ವಾ? ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದ ಕಡೆ 1.5ರವರೆಗೆ ಒಪ್ಪುತ್ತಾರೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನೇ ವರ್ಷಗಟ್ಟಲೆ ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬರುತ್ತದೆ. ದೊಡ್ಡವರಿಗೆ ಕೀಲು ಬಿಗಿಯುತ್ತದೆ. ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಏರುತ್ತದೆ. ಊರೂರಲ್ಲಿ ಶುದ್ಧ ನೀರಿನ ಘಟಕದ ಮುಂದೆ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವುದು ಸುಮ್ನೆ ಅಲ್ಲ.

ಇನ್ನೊಂದು ಉದಾಹರಣೆ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಅಂತರ್ಜಲ ಏರಲಿ ಅಂತ ತುಂಬಿಸುವ ನೀರದು, ನೇರವಾಗಿ ಕುಡಿಯಲಿಕ್ಕಲ್ಲ. ಬತ್ತಿದ್ದ ಕೆರೆ ತುಂಬಿದ್ದು ನೋಡಿದರೆ ಸಂತೋಷವಾಗುತ್ತದೆ, ನಿಜ. ಆದರೂ ಇಂಗ್ಲಿಷಿನಲ್ಲಿ ಅದನ್ನು ‘ನಾನ್ ಪೋಟಬಲ್’ ಅಂತಲೇ ಬರೆಯಬೇಕು.

ಬಳಕೆಯ ಬಗ್ಗೆ ಹೇಳುವುದಾದರೆ, ಇದು ಟೆಂಡರ್, ಲ್ಯಾಬ್ ರಿಪೋರ್ಟ್, ಬೋರ್ಡುಗಳ ಪದ. ಹೆಚ್ಚಾಗಿ ನೀರಿನ ಜೊತೆಗೇ ಬರುತ್ತದೆ. ಮಾತಿನಲ್ಲಿ ‘ಡ್ರಿಂಕಿಂಗ್ ವಾಟರ್’ ಅಂದರೆ ಸಾಕು. ‘ಪ್ಯಾಲಟಬಲ್’ ಅಂತ ಮತ್ತೊಂದಿದೆ, ಅದು ಬಾಯಿಗೆ ಹಿಡಿಸುವ ರುಚಿಗೆ ಸಂಬಂಧಿಸಿದ್ದು. ಸಿಹಿನೀರು ಪ್ಯಾಲಟಬಲ್ ಆಗಿದ್ದೂ ಪೋಟಬಲ್ ಅಲ್ಲದೇ ಇರಬಹುದು.

ನೀವೇ ಟೆಂಡರ್ ಹಾಕುವವರಾದರೆ ಷರತ್ತುಗಳ ಪುಟವನ್ನು ಇನ್ನೊಮ್ಮೆ ಓದಿ. ಪೋಟಬಲ್ ಅಂತ ಕೇಳಿದ್ದಾರೆ ಅಂದರೆ ಟ್ಯಾಂಕರ್ ತಂದು ನಿಲ್ಲಿಸಿದರೆ ಸಾಲದು, ನೀರಿನ ಪರೀಕ್ಷಾ ವರದಿಯನ್ನೂ ಕೇಳಬಹುದು.