ಈ ಸಾಲು ಯಾರದ್ದು? ಪ್ಯಾಕೇಜ್ ಮೂಲಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಫೋಲ್ಡರ್‌ನ ಸುತ್ತ ಇವೆ. ಉಬುಂಟು, ಡೆಬಿಯನ್ ಅನ್ನುವ ಲಿನಕ್ಸ್ ವ್ಯವಸ್ಥೆಗಳನ್ನು ಬಳಸುವವರ ಯಂತ್ರದಲ್ಲಿ ಇರುವ '/ಇಟಿಸಿ/ಆಪ್ಟ್' ಅದು. ಪ್ರೋಗ್ರಾಂಗಳ ಪ್ಯಾಕೇಜ್ ತಂದು ಹಾಕುವ ಸಾಧನ ಆಪ್ಟ್, ಅದು ಎಲ್ಲಿಂದ ತರಬೇಕು ಅನ್ನುವುದನ್ನು ಈ ಫೋಲ್ಡರ್‌ನಲ್ಲಿ ಬರೆದಿರುತ್ತದೆ. ಪ್ಯಾಕೇಜ್‌ಗಳನ್ನು ಇಟ್ಟಿರುವ ಸರ್ವರ್ ಜಾಗಕ್ಕೆ ರೆಪೊಸಿಟರಿ, ಚಿಕ್ಕದಾಗಿ ರೆಪೊ ಅನ್ನುತ್ತಾರೆ. ಹಾಗಾಗಿ ಒಟ್ಟಿಗೇ ಉತ್ತರಿಸುತ್ತಿದ್ದೇನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರಗಳನ್ನು ಬಳಸಿ.

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಉಬುಂಟು 23.10 ಇದೆ. ಬಹಳ ದಿನ ಅದನ್ನು ತೆಗೆದೇ ಇರಲಿಲ್ಲ. ಈಗ 'ಸುಡೋ ಆಪ್ಟ್ ಅಪ್‌ಡೇಟ್' ಕೊಟ್ಟರೆ ಸಾಲುಸಾಲು 404 (ಫೈಲ್ ಸಿಗಲಿಲ್ಲ ಅನ್ನುವ ಎರರ್) ಬರುತ್ತದೆ. ಕೊನೆಗೆ 'ಈ ರೆಪೊಸಿಟರಿಯಲ್ಲಿ ರಿಲೀಸ್ ಫೈಲ್ ಇಲ್ಲ' ಅನ್ನುತ್ತದೆ. ನೆಟ್ ಸರಿಯಾಗಿಯೇ ಇದೆ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕಾ?

ಉತ್ತರ: ಬೇಡ, ಅಳಿಸಬೇಡಿ. ನಿಮ್ಮ ಯಂತ್ರ ಕೆಟ್ಟಿಲ್ಲ, ಅದು ಹುಡುಕುತ್ತಿರುವ ಜಾಗ ಖಾಲಿಯಾಗಿದೆ ಅಷ್ಟೆ.

ಉಬುಂಟುವಿನಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಎಲ್‌ಟಿಎಸ್ ಆವೃತ್ತಿಗೆ 5 ವರ್ಷ ಬೆಂಬಲ ಇರುತ್ತದೆ. ನಡುವೆ ಬರುವ ಉಳಿದವಕ್ಕೆ ಬರೀ 9 ತಿಂಗಳು. 23.10 ಬಂದಿದ್ದು 2023ರ ಅಕ್ಟೋಬರ್‌ನಲ್ಲಿ, ಬೆಂಬಲ ಮುಗಿದಿದ್ದು 2024ರ ಜುಲೈನಲ್ಲಿ. ಹೀಗೆ ಅವಧಿ ಮುಗಿದ ಆವೃತ್ತಿಗಳ ಪ್ಯಾಕೇಜ್‌ಗಳನ್ನು ಮುಖ್ಯ ಸರ್ವರ್‌ನಿಂದ ತೆಗೆದು ಬೇರೆ ಕಡೆ ಇಡುತ್ತಾರೆ.

'/ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್' ಫೈಲ್ ತೆರೆದು ನೋಡಿ. ಇಂಥ ಒಂದು ಸಾಲು ಇರುತ್ತದೆ:

ಡೆಬ್ ಎಚ್‌ಟಿಟಿಪಿ://ಆರ್ಕೈವ್.ಉಬುಂಟು.ಕಾಮ್/ಉಬುಂಟು ಮ್ಯಾಂಟಿಕ್ ಮೇನ್ ರಿಸ್ಟ್ರಿಕ್ಟೆಡ್ ಯೂನಿವರ್ಸ್ ಮಲ್ಟಿವರ್ಸ್

ಎಡದಿಂದ ಓದುತ್ತಾ ಹೋಗಿ. 'ಡೆಬ್' ಅಂದರೆ ಇನ್‌ಸ್ಟಾಲ್ ಮಾಡಲು ಸಿದ್ಧವಾಗಿರುವ ಪ್ಯಾಕೇಜ್. ಆಮೇಲೆ ಸರ್ವರ್‌ನ ವಿಳಾಸ. 'ಮ್ಯಾಂಟಿಕ್' ಅನ್ನುವುದು 23.10ರ ಸಂಕೇತ ಹೆಸರು. ಉಳಿದ ನಾಲ್ಕು ಪದಗಳು ವಿಭಾಗಗಳು. ಆಪ್ಟ್ ಈ ವಿಳಾಸದ ಮುಂದೆ 'ಡಿಸ್ಟ್ಸ್' ಸೇರಿಸುತ್ತದೆ, ಅದರ ಮುಂದೆ 'ಮ್ಯಾಂಟಿಕ್' ಸೇರಿಸುತ್ತದೆ, ಅಲ್ಲಿ 'ಇನ್‌ರಿಲೀಸ್' ಅನ್ನುವ ಫೈಲ್ ಹುಡುಕುತ್ತದೆ. ನೀವೂ ಅದೇ ವಿಳಾಸವನ್ನು 'ಡಿಸ್ಟ್ಸ್' ತನಕ ಬ್ರೌಸರ್‌ನಲ್ಲಿ ತೆರೆಯಬಹುದು. ಆವೃತ್ತಿಗಳ ಪಟ್ಟಿ ಕಾಣುತ್ತದೆ, ಮ್ಯಾಂಟಿಕ್ ಮಾತ್ರ ಇರುವುದಿಲ್ಲ. 404 ಬಂದಾಗೆಲ್ಲ ನಾನು ಮೊದಲು ಮಾಡುವ ಕೆಲಸ ಇದೇ. ಹತ್ತು ಕಡೆ ಪರಿಹಾರ ಹುಡುಕುವ ಬದಲು ಆ ಫೋಲ್ಡರ್ ಇದೆಯಾ ಇಲ್ಲವಾ ಅಂತ ಕಣ್ಣಾರೆ ನೋಡಿಬಿಡುವುದು.

ಈಗ ಪರಿಹಾರ. ಫೈಲ್‌ನ ಒಂದು ಪ್ರತಿ ಇಟ್ಟುಕೊಳ್ಳಿ. ಆಮೇಲೆ 'ಆರ್ಕೈವ್.ಉಬುಂಟು.ಕಾಮ್' ಮತ್ತು 'ಸೆಕ್ಯುರಿಟಿ.ಉಬುಂಟು.ಕಾಮ್' ಇರುವ ಕಡೆಯೆಲ್ಲ 'ಓಲ್ಡ್-ರಿಲೀಸಸ್.ಉಬುಂಟು.ಕಾಮ್' ಅಂತ ಬದಲಿಸಿ. ಮೊದಲ ವಿಳಾಸದ ಶುರುವಿನಲ್ಲಿ ದೇಶವನ್ನು ಸೂಚಿಸುವ ಎರಡು ಅಕ್ಷರ ಮತ್ತು ಒಂದು ಚುಕ್ಕಿ ಇದ್ದರೆ ಅದೂ ಹೋಗಬೇಕು. ಇದನ್ನು ಮರೆತು 'ಇನ್ನೂ ಎರರ್ ಬರ್ತಿದೆ' ಅನ್ನುವವರೇ ಜಾಸ್ತಿ. ಆಮೇಲೆ 'ಸುಡೋ ಆಪ್ಟ್ ಅಪ್‌ಡೇಟ್', 'ಸುಡೋ ಆಪ್ಟ್ ಫುಲ್-ಅಪ್‌ಗ್ರೇಡ್', ಕೊನೆಗೆ 'ಸುಡೋ ಡು-ರಿಲೀಸ್-ಅಪ್‌ಗ್ರೇಡ್'. ಅದು ನಿಮ್ಮನ್ನು 24.04ಕ್ಕೆ ಕರೆದೊಯ್ಯುತ್ತದೆ. ಅದು ಎಲ್‌ಟಿಎಸ್, 2029ರ ತನಕ ಚಿಂತೆ ಇಲ್ಲ.

ಹಳೆಯ ಸರ್ವರ್‌ನಲ್ಲಿ ಹೊಸ ಭದ್ರತಾ ಪರಿಹಾರಗಳು ಬರುವುದಿಲ್ಲ. ಹಾಗಾಗಿ ಎರರ್ ಹೋಯಿತು ಅಂತ ಅಲ್ಲೇ ನಿಲ್ಲಬೇಡಿ. ಹಾಗೆಯೇ, ಫೈಲ್‌ನಲ್ಲಿ 'ಮ್ಯಾಂಟಿಕ್' ಅಳಿಸಿ 24.04ರ ಸಂಕೇತ ಹೆಸರಾದ 'ನೋಬಲ್' ಅಂತ ಬರೆದರೆ ಆಯ್ತಲ್ಲ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಡೆಬಿಯನ್‌ನಲ್ಲಿ ಆ ಕ್ರಮವೇ ಸರಿ. ಉಬುಂಟುವಿನಲ್ಲಿ ಡು-ರಿಲೀಸ್-ಅಪ್‌ಗ್ರೇಡ್ ತಾನೇ ಹಲವು ರಿಪೇರಿ ಮಾಡಿಕೊಂಡು ಹೋಗುತ್ತದೆ, ಹೊರಗಿನವರ ರೆಪೊಗಳನ್ನು ತಾತ್ಕಾಲಿಕವಾಗಿ ಬಂದ್ ಮಾಡುತ್ತದೆ. ಕೈಯಾರೆ ಬದಲಿಸಿದರೆ ಅದೆಲ್ಲ ತಪ್ಪಿಹೋಗುತ್ತದೆ.

ಪ್ರಶ್ನೆ: ಒಂದು ಪ್ರೋಗ್ರಾಂ ಹಾಕಲು ಅದರ ಕಂಪನಿಯ ಸೂಚನೆಯಂತೆ ಕೀ ಇಳಿಸಿ 'ಆಪ್ಟ್-ಕೀ ಆ್ಯಡ್' ಕೊಟ್ಟೆ. ಡೆಬಿಯನ್ 13ರಲ್ಲಿ 'ಕಮಾಂಡ್ ಸಿಗಲಿಲ್ಲ' ಅನ್ನುತ್ತದೆ. ಆಪ್ಟ್-ಕೀ ಬೇರೆ ಎಲ್ಲಿ ಸಿಗುತ್ತದೆ?

ಉತ್ತರ: ಎಲ್ಲೂ ಹುಡುಕಬೇಡಿ. ಅದನ್ನು ಬೇಕಂತಲೇ ತೆಗೆದಿದ್ದಾರೆ. ತೆಗೆದಿದ್ದು ಒಳ್ಳೆಯದೇ ಆಯಿತು.

ಕೀ ಅಂದರೆ ರೆಪೊದ ಸಹಿ ಅಸಲಿಯೇ ಅಂತ ಪರೀಕ್ಷಿಸಲು ಬಳಸುವ ಫೈಲ್. ಆಪ್ಟ್-ಕೀ ಮೂಲಕ ಸೇರಿಸಿದ ಕೀ ಎಲ್ಲ ರೆಪೊಗಳಿಗೂ ಅನ್ವಯಿಸುತ್ತಿತ್ತು. ಒಂದು ಪುಟ್ಟ ಪ್ರೋಗ್ರಾಂಗೋಸ್ಕರ ನೀವು ನಂಬಿದ ಕೀ, ಡೆಬಿಯನ್‌ನ ಮೂಲ ಪ್ಯಾಕೇಜ್‌ಗಳ ಪಟ್ಟಿಗೆ ಸಹಿ ಹಾಕಿದರೂ ಆಪ್ಟ್ ತಕರಾರು ಮಾಡುತ್ತಿರಲಿಲ್ಲ. ಈಗಿನ ಪದ್ಧತಿಯಲ್ಲಿ ಯಾವ ರೆಪೊಗೆ ಯಾವ ಕೀ ಅಂತ ಆ ರೆಪೊದ ವಿವರದಲ್ಲೇ ಬರೆಯಬೇಕು.

ಕೀ ಫೈಲನ್ನು '/ಇಟಿಸಿ/ಆಪ್ಟ್/ಕೀರಿಂಗ್ಸ್' ಫೋಲ್ಡರ್‌ಗೆ ಹಾಕಿ. ಅದನ್ನು ಎಡಿಟರ್‌ನಲ್ಲಿ ತೆರೆದಾಗ 'ಬಿಗಿನ್ ಪಿಜಿಪಿ ಪಬ್ಲಿಕ್ ಕೀ ಬ್ಲಾಕ್' ಅಂತ ಓದಲು ಬಂದರೆ ಹೆಸರಿನ ಕೊನೆಗೆ '.ಎಎಸ್‌ಸಿ' ಇರಲಿ. ಓದಲಾಗದ ಚಿಹ್ನೆಗಳು ಬಂದರೆ '.ಜಿಪಿಜಿ'. ಇದು ಅದಲುಬದಲಾದರೆ ಕೀ ಕಣ್ಣೆದುರೇ ಇದ್ದರೂ ಆಪ್ಟ್ ಅದನ್ನು ಗುರುತಿಸದೇ ಇರಬಹುದು. 'ಜಿಪಿಜಿ --ಶೋ-ಕೀಸ್' ಅಂತ ಕೊಟ್ಟು ಫೈಲ್‌ನ ಹೆಸರು ಬರೆದರೆ ಬೆರಳಚ್ಚು, ಅಂದರೆ ಫಿಂಗರ್‌ಪ್ರಿಂಟ್ ಕಾಣುತ್ತದೆ. ಕಂಪನಿ ತನ್ನ ಪುಟದಲ್ಲಿ ಕೊಟ್ಟಿರುವುದರ ಜೊತೆ ಅದನ್ನು ಹೋಲಿಸಿ.

ಆಮೇಲೆ 'ಸೋರ್ಸಸ್.ಲಿಸ್ಟ್.ಡಿ' ಫೋಲ್ಡರ್‌ನಲ್ಲಿ '.ಸೋರ್ಸಸ್' ಅಂತ ಕೊನೆಯಾಗುವ ಒಂದು ಫೈಲ್ ಮಾಡಿ. ಅದರಲ್ಲಿ ಐದು ಸಾಲು: ಟೈಪ್ಸ್, ಯುಆರ್‌ಐಸ್, ಸೂಟ್ಸ್, ಕಾಂಪೊನೆಂಟ್ಸ್, ಸೈನ್ಡ್-ಬೈ. ಪ್ರತಿಯೊಂದರ ಮುಂದೆ ಕೋಲನ್, ಆಮೇಲೆ ಅದಕ್ಕೆ ಕೊಡುವ ವಿವರ. ಕೀ ಫೈಲ್‌ನ ಪೂರ್ತಿ ದಾರಿ ಸೈನ್ಡ್-ಬೈ ಮುಂದೆ ಬರಬೇಕು. ನಾನು ಎಲ್ಲಕ್ಕಿಂತ ಮೇಲೆ ಒಂದು ಹ್ಯಾಶ್ (#) ಗುರುತು ಹಾಕಿ ಇನ್ನೊಂದು ಸಾಲು ಬರೆಯುತ್ತೇನೆ: ಈ ರೆಪೊ ಯಾಕೆ ಸೇರಿಸಿದೆ, ಯಾವ ಪ್ರೋಗ್ರಾಂಗೆ. ವರ್ಷ ಕಳೆದ ಮೇಲೆ ಅದನ್ನು ಇಟ್ಟುಕೊಳ್ಳಬೇಕಾ ತೆಗೆಯಬೇಕಾ ಅಂತ ಹೇಳುವುದು ಆ ಸಾಲೇ.

ಇಷ್ಟು ಮಾಡಿದ ಮೇಲೂ ಒಂದು ವಿಷಯ ಉಳಿಯುತ್ತದೆ. ಆ ಕಂಪನಿ ತನ್ನ ರೆಪೊದಲ್ಲಿ ಯಾವ ಹೆಸರಿನ ಪ್ಯಾಕೇಜ್ ಬೇಕಾದರೂ ಇಡಬಹುದು. ನಿಮ್ಮಲ್ಲಿರುವುದಕ್ಕಿಂತ ಹೊಸ ವರ್ಷನ್ ನಂಬರ್ ಇದ್ದರೆ ಆಪ್ಟ್ ಅದನ್ನೇ ತರುತ್ತದೆ. ಪ್ಯಾಕೇಜ್ ಹಾಕುವಾಗ ಓಡುವ ಸ್ಕ್ರಿಪ್ಟ್‌ಗಳು ರೂಟ್ ಅಧಿಕಾರದಲ್ಲೇ, ಅಂದರೆ ಇಡೀ ಯಂತ್ರದ ಮೇಲಿನ ಪೂರ್ತಿ ಅಧಿಕಾರದಲ್ಲೇ ಓಡುತ್ತವೆ. ರೆಪೊ ಸೇರಿಸುವುದೆಂದರೆ ಅವರಿಗೆ ರೂಟ್ ಕೊಟ್ಟ ಹಾಗೇ ಲೆಕ್ಕ. ಅದಕ್ಕೇ ಪಿಪಿಎ (ಉಬುಂಟುಗಾಗಿ ಬಿಡಿ ವ್ಯಕ್ತಿಗಳು, ತಂಡಗಳು ನಡೆಸುವ ರೆಪೊ), ಹೊರಗಿನ ರೆಪೊ ಅಂದರೆ ನನಗೆ ಅಷ್ಟಕ್ಕಷ್ಟೆ. ಬೇಕೇ ಬೇಕು ಅಂದಾಗ ಮಾತ್ರ ಸೇರಿಸುತ್ತೇನೆ. ಜೊತೆಗೆ 'ಪ್ರಿಫರೆನ್ಸಸ್.ಡಿ' ಫೋಲ್ಡರ್‌ನಲ್ಲಿ ಆ ಸರ್ವರ್‌ಗೆ 100ರ ಆದ್ಯತೆ ಬರೆಯುತ್ತೇನೆ. ಸಾಮಾನ್ಯ ರೆಪೊಗಳ ಆದ್ಯತೆ 500. ಒಂದೇ ಹೆಸರಿನ ಪ್ಯಾಕೇಜ್ ಎರಡೂ ಕಡೆ ಇದ್ದರೆ ಆಗ ಡೆಬಿಯನ್‌ದೇ ಗೆಲ್ಲುತ್ತದೆ.

ಪ್ರಶ್ನೆ: ಡೆಬಿಯನ್‌ನಲ್ಲಿ 'ಸ್ಟೇಬಲ್' ಅಂತ ಬರೆಯಬೇಕಾ, 'ಟ್ರಿಕ್ಸಿ' ಅಂತ ಬರೆಯಬೇಕಾ? ಎರಡೂ ಒಂದೇ ಅಲ್ವಾ?

ಉತ್ತರ: ಟ್ರಿಕ್ಸಿ ಅನ್ನುವುದು ಡೆಬಿಯನ್ 13ರ ಸಂಕೇತ ಹೆಸರು, 'ಸ್ಟೇಬಲ್' ಅಂದರೆ ಆಯಾ ಕಾಲದ ಸ್ಥಿರ ಆವೃತ್ತಿ. ಟ್ರಿಕ್ಸಿ ಸ್ಟೇಬಲ್ ಆಗಿರುವಷ್ಟು ಕಾಲ ಎರಡೂ ಒಂದೇ. 2025ರ ಆಗಸ್ಟ್ 9ರ ತನಕ ಸ್ಟೇಬಲ್ ಅಂದರೆ ಬುಕ್‌ವರ್ಮ್ ಆಗಿತ್ತು, ಅಂದಿನಿಂದ ಟ್ರಿಕ್ಸಿ ಆಯಿತು. ಆಗ 'ಸ್ಟೇಬಲ್' ಬರೆದುಕೊಂಡಿದ್ದವರ ಅಪ್‌ಡೇಟ್ 'ಕೋಡ್‌ನೇಮ್ ಬದಲಾಗಿದೆ, ಒಪ್ಪಿಗೆಯಾ?' ಅಂತ ಕೇಳುತ್ತದೆ. ಸುಮ್ನೆ ವೈ ಒತ್ತಿ ಅಪ್‌ಗ್ರೇಡ್ ಕೊಟ್ಟರೆ ಯಾವ ತಯಾರಿಯೂ ಇಲ್ಲದೆ ಇಡೀ ವ್ಯವಸ್ಥೆ ಮುಂದಿನ ಆವೃತ್ತಿಗೆ ಹೊರಟುಬಿಡುತ್ತದೆ. ಹೆಸರು ಬರೆಯಿರಿ. ಯಾವಾಗ ಹೋಗಬೇಕು ಅಂತ ನೀವೇ ತೀರ್ಮಾನಿಸಬಹುದು.

ಪ್ರಶ್ನೆ: ಸೋರ್ಸಸ್ ಫೈಲ್‌ನಲ್ಲಿ ಎಚ್‌ಟಿಟಿಪಿ ಇದೆ, ಎಚ್‌ಟಿಟಿಪಿಎಸ್ ಅಲ್ಲ. ದಾರಿಯಲ್ಲಿ ಯಾರಾದರೂ ಪ್ಯಾಕೇಜ್ ಬದಲಿಸಿದರೆ?

ಉತ್ತರ: ಸಿಕ್ಕಿಬೀಳುತ್ತಾರೆ. ಇನ್‌ರಿಲೀಸ್ ಫೈಲ್‌ಗೆ ಸಹಿ ಇರುತ್ತದೆ. ಅದರೊಳಗೆ ಪ್ಯಾಕೇಜ್ ಪಟ್ಟಿಯ ಎಸ್‌ಎಚ್‌ಎ256 ಮೊತ್ತ (ಫೈಲ್‌ನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಇರುತ್ತದೆ, ಪಟ್ಟಿಯೊಳಗೆ ಪ್ರತಿ ಪ್ಯಾಕೇಜ್‌ನ ಮೊತ್ತ ಇರುತ್ತದೆ. ಒಂದು ಬೈಟ್ ಆಚೀಚೆ ಆದರೂ ಆಪ್ಟ್ ನಿರಾಕರಿಸುತ್ತದೆ. ನೀವು ಏನು ಇಳಿಸುತ್ತಿದ್ದೀರಿ ಅನ್ನುವುದು ಮಾತ್ರ ದಾರಿಯಲ್ಲಿರುವವರಿಗೆ ಕಾಣುತ್ತದೆ. ಅದು ಬೇಡ ಅಂದರೆ ಎಚ್‌ಟಿಟಿಪಿಎಸ್ ಮಾಡಿಕೊಳ್ಳಿ. ಆದರೆ 'ಟ್ರಸ್ಟೆಡ್=ಯೆಸ್' ಅಂತ ಸೇರಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಸಹಿ ನೋಡುವ ಕೆಲಸವನ್ನೇ ಅದು ಬಿಡಿಸಿಬಿಡುತ್ತದೆ.

ಪ್ರಶ್ನೆ: ಒಂದೇ ಒಂದು ಪ್ರೋಗ್ರಾಂನ ಹೊಸ ವರ್ಷನ್ ಬೇಕು. ಡೆಬಿಯನ್ ಸ್ಟೇಬಲ್ ಜೊತೆಗೆ 'ಟೆಸ್ಟಿಂಗ್' ಸಾಲೊಂದನ್ನು ಸೇರಿಸಲಾ?

ಉತ್ತರ: ಬೇಡ. ಟೆಸ್ಟಿಂಗ್ ಅಂದರೆ ಇನ್ನೂ ತಯಾರಾಗುತ್ತಿರುವ ಮುಂದಿನ ಆವೃತ್ತಿ. ಆ ಪ್ರೋಗ್ರಾಂ ಹೊಸ ಲಿಬ್‌ಸಿ (ಬಹುತೇಕ ಪ್ರೋಗ್ರಾಂಗಳಿಗೆ ಬೇಕಾಗುವ ಮೂಲ ಲೈಬ್ರರಿ) ಕೇಳುತ್ತದೆ, ಹೊಸ ಲಿಬ್‌ಸಿ ಇನ್ನೇನೋ ಕೇಳುತ್ತದೆ, ನೋಡುತ್ತಿದ್ದಂತೆ ಅರ್ಧ ಯಂತ್ರ ಟೆಸ್ಟಿಂಗ್ ಆಗಿರುತ್ತದೆ. ಮೊದಲು 'ಟ್ರಿಕ್ಸಿ-ಬ್ಯಾಕ್‌ಪೋರ್ಟ್ಸ್'ನಲ್ಲಿ, ಅಂದರೆ ಹೊಸ ವರ್ಷನ್‌ಗಳನ್ನು ಟ್ರಿಕ್ಸಿಗೆ ಹೊಂದಿಸಿ ಇಡುವ ಡೆಬಿಯನ್‌ನ ರೆಪೊದಲ್ಲಿ ಇದೆಯಾ ನೋಡಿ. ಅದರ ಆದ್ಯತೆ 100. ಹಾಗಾಗಿ ನೀವು '-ಟಿ ಟ್ರಿಕ್ಸಿ-ಬ್ಯಾಕ್‌ಪೋರ್ಟ್ಸ್' ಅಂತ ಕೇಳಿದರಷ್ಟೇ ಬರುತ್ತದೆ, ತಾನಾಗಿ ನುಗ್ಗುವುದಿಲ್ಲ. 'ಆಪ್ಟ್ ಪಾಲಿಸಿ' ಬರೆದು ಮುಂದೆ ಪ್ಯಾಕೇಜ್ ಹೆಸರು ಕೊಟ್ಟರೆ ಯಾವ ವರ್ಷನ್ ಎಲ್ಲಿಂದ ಬರುತ್ತದೆ, ಯಾವುದಕ್ಕೆ ಎಷ್ಟು ಆದ್ಯತೆ ಎಲ್ಲ ಕಾಣುತ್ತದೆ. ಇನ್‌ಸ್ಟಾಲ್ ಮಾಡುವ ಮುಂಚೆ ಇದನ್ನೊಮ್ಮೆ ನೋಡಿ.

ಪ್ರಶ್ನೆ: ಅಪ್‌ಡೇಟ್ ಕೊಟ್ಟಾಗೆಲ್ಲ 'ಹಲವು ಬಾರಿ ಕಾನ್ಫಿಗರ್ ಆಗಿದೆ' ಅನ್ನುವ ಎಚ್ಚರಿಕೆ. ಉಬುಂಟು 24.04.

ಉತ್ತರ: 24.04ರಲ್ಲಿ ಮೂಲಗಳು 'ಸೋರ್ಸಸ್.ಲಿಸ್ಟ್.ಡಿ' ಒಳಗಿನ 'ಉಬುಂಟು.ಸೋರ್ಸಸ್' ಫೈಲ್‌ನಲ್ಲಿವೆ. ಹಳೆಯ ಸೂಚನೆ ನೋಡಿ ಅದೇ ಸಾಲುಗಳನ್ನು 'ಸೋರ್ಸಸ್.ಲಿಸ್ಟ್'ಗೂ ಯಾರೋ ಹಾಕಿದ್ದಾರೆ. ಎಚ್ಚರಿಕೆಯಲ್ಲೇ ಎರಡೂ ಫೈಲ್‌ಗಳ ಹೆಸರು, ಸಾಲಿನ ನಂಬರ್ ಇರುತ್ತದೆ. ಹಳೆಯ ಫೈಲ್‌ನ ಆ ಸಾಲುಗಳ ಶುರುವಿನಲ್ಲಿ ಹ್ಯಾಶ್ ಹಾಕಿ, ಅಪ್‌ಡೇಟ್ ಕೊಡಿ. ಎಚ್ಚರಿಕೆ ಹೋಯಿತು ಅಂದರೆ ಆ ಸಾಲುಗಳನ್ನು ಅಳಿಸಿ.