ಟೊಟೊರೊಗೆ ಮಧ್ಯಾಹ್ನ, ಅಕಿರಾಗೆ ರಾತ್ರಿ

ಪ್ರಶ್ನೆ: ಮೇಡಂ, ನಮ್ಮ ಕಾಲೇಜಿನಲ್ಲಿ ಅನಿಮೆ, ಅಂದರೆ ಜಪಾನಿನ ಅನಿಮೇಶನ್ ಚಿತ್ರಗಳ ಅಭಿಮಾನಿಗಳ ಕೂಟವೊಂದಿದೆ. ಕಲ್ಪನಾಲೋಕದ ಕಥೆ ಮತ್ತು ವೈಜ್ಞಾನಿಕ ಕಥೆಗಳ ಐದು ಚಿತ್ರಗಳನ್ನು ತಿಂಗಳಿಗೊಂದರಂತೆ ತೋರಿಸಲು ಪ್ರಾಂಶುಪಾಲರು ಒಪ್ಪಿದ್ದಾರೆ. ವಿದ್ಯಾರ್ಥಿಗಳ ಜೊತೆಗೆ ಅಧ್ಯಾಪಕರು ಮತ್ತು ಪೋಷಕರೂ ಬರುತ್ತಾರೆ. ಆದರೆ ಪಟ್ಟಿ ಮಾಡಲು ಕೂತರೆ ಜಗಳವೇ. ಒಂದು ಬಣ 'ಅಕಿರಾ'ದಿಂದಲೇ ಶುರುವಾಗಬೇಕು ಎನ್ನುತ್ತದೆ. ಇನ್ನೊಂದು ಬಣಕ್ಕೆ 'ಟೊಟೊರೊ' ಮಾಡಿದ ಗಿಬ್ಲಿ ಸ್ಟುಡಿಯೊ ಬಿಟ್ಟರೆ ಬೇರೆ ಲೋಕವಿಲ್ಲ. ಏನು ಮಾಡೋಣ?
– ಓದುಗರೊಬ್ಬರು, ಮೈಸೂರು

ಉತ್ತರ: ಜಗಳ ನಿಲ್ಲಿಸಬೇಡಿ. ಜಗಳವಿಲ್ಲದ ಕೂಟ ಮೂರನೆಯ ತಿಂಗಳಿಗೆ ಖಾಲಿ ಕುರ್ಚಿಗಳ ಕೂಟವಾಗುತ್ತದೆ. ಆದರೆ ಪಟ್ಟಿಗೆ ಕೈ ಹಾಕುವ ಮುಂಚೆ, ಪ್ರದರ್ಶನ ನಡೆಯುವ ಹೊತ್ತಿಗೇ ಹಾಲ್‌ಗೆ ಹೋಗಿ. ಕಿಟಕಿ ಮುಚ್ಚಿ, ದೀಪ ಆರಿಸಿ ಐದು ನಿಮಿಷ ಸುಮ್ಮನೆ ಕೂತಿರಿ. ನಿಮ್ಮ ಅಂಗೈಯ ರೇಖೆಗಳು ಕಾಣುತ್ತಿದ್ದರೆ ಆ ಹಾಲ್‌ನಲ್ಲಿ ಆ ಹೊತ್ತಿಗೆ 'ಅಕಿರಾ' ಬೇಡ.

ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಚಿತ್ರಕಲೆ ಕಲಿಸಿದವಳು, ಶಾಲೆಯ ಚಿತ್ರಕೂಟವನ್ನೂ ನಡೆಸಿದವಳು. ಹಾಗಾಗಿ ಬಣ್ಣದ ಮಾತು ಮೊದಲು ಬರುತ್ತದೆ. ಪ್ರೊಜೆಕ್ಟರಿಗೆ ಕಪ್ಪು ಬಣ್ಣವೆಂಬುದೇ ಗೊತ್ತಿಲ್ಲ. ಬೆಳಕು ಬೀಳದೆ ಉಳಿದ ಪರದೆಯೇ ಅದರ ಕಪ್ಪು. ಕಿಟಕಿಯ ಸಂದಿಯಿಂದ ಬಿಸಿಲು ಒಳಬಂದರೆ ಆ ಕಪ್ಪು ಬೂದಿಯಾಗುತ್ತದೆ. ಕತ್ಸುಹಿರೊ ಒಟೊಮೊ ಅವರ 'ಅಕಿರಾ' (1988) ಬಹುಪಾಲು ರಾತ್ರಿಯಲ್ಲೇ ನಡೆಯುವ ಚಿತ್ರ. ಚಿತ್ರ ಕಲ್ಪಿಸಿಕೊಂಡ 2019ರ ನಿಯೋ ಟೋಕಿಯೊದ ರಸ್ತೆಗಳಲ್ಲಿ ಬೈಕುಗಳು ಓಡುವಾಗ ಹಿಂದಿನ ದೀಪದ ಕೆಂಪು, ಕತ್ತಲಿನಲ್ಲಿ ನೂಲಿನಂತೆ ಎಳೆದುಕೊಂಡು ಉಳಿಯುತ್ತದೆ. ಆ ಕೆಂಪು ಕಾಣದಿದ್ದರೆ ಉಳಿಯುವುದು ಗದ್ದಲ ಮಾತ್ರ. ಸಂಜೆ ಏಳರ ಮೇಲೆ ಹಾಲ್ ಸಿಕ್ಕಿದ ತಿಂಗಳು ಅದನ್ನು ಹಾಕಿ. ನೋಡುವಾಗ ಪಾತ್ರಗಳ ತುಟಿಗಳನ್ನು ಗಮನಿಸಿ. ಜಪಾನಿನಲ್ಲಿ ಸಾಮಾನ್ಯವಾಗಿ ಚಿತ್ರ ಬರೆದಾದ ಮೇಲೆ ಧ್ವನಿ ಕೂಡಿಸುತ್ತಾರೆ. ಇಲ್ಲಿ ಮಾತನ್ನು ಮೊದಲು ಧ್ವನಿಮುದ್ರಿಸಿ, ಅದಕ್ಕೆ ಹೊಂದುವಂತೆ ಬಾಯಿ ಬರೆದರು. 124 ನಿಮಿಷದ ಈ ಚಿತ್ರದಲ್ಲಿ ರಕ್ತಪಾತ ಧಾರಾಳವಾಗಿದೆ, ಪೋಷಕರಿಗೆ ಮುಂಚೆಯೇ ಹೇಳಿಬಿಡಿ.

ಹೇಳದೆ ಹೋದರೆ ಏನಾಗುತ್ತದೆಂದು ನನ್ನಷ್ಟು ಚೆನ್ನಾಗಿ ಬಲ್ಲವರಿಲ್ಲ. ಒಮ್ಮೆ ಮಮೊರು ಒಶಿಯಿ ಅವರ 'ಘೋಸ್ಟ್ ಇನ್ ದ ಶೆಲ್' (1995) ಚಿತ್ರವನ್ನು ಕೇವಲ ಕೀರ್ತಿ ಕೇಳಿ, ಪೂರ್ತಿ ನೋಡದೆ ಹಾಕಿಸಿದೆ. ಚಿತ್ರ ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ, ಯಂತ್ರದೇಹದ ನಾಯಕಿ ಮೇಲಂಗಿ ಕಳಚಿ ಗಗನಚುಂಬಿಯ ತುದಿಯಿಂದ ಹಾರಿದಳು. ಎರಡನೆಯ ಸಾಲಿನಲ್ಲಿದ್ದ ತಾಯಿಯೊಬ್ಬರು ಪಕ್ಕದಲ್ಲಿದ್ದ ಮಗನ ಕಡೆ ನೋಡಲಿಲ್ಲ, ತಿರುಗಿ ನನ್ನ ಕಡೆ ನೋಡಿದರು. ಆ ನೋಟ ಇವತ್ತಿಗೂ ನೆನಪಿದೆ. ಹಾಗೆಂದು ಆ ಚಿತ್ರವನ್ನು ಬಿಡಬೇಡಿ. ನಡುವೆ ಮೂರು ನಿಮಿಷಗಳಷ್ಟು ಕಾಲ ಯಾರೂ ಮಾತನಾಡುವುದಿಲ್ಲ. ಹಾಂಗ್‌ಕಾಂಗ್ ಮಾದರಿಯ ಊರು, ಕಾಲುವೆ, ಮಳೆ, ಕೆಂಜಿ ಕವಾಯಿ ಅವರ ಸಂಗೀತಕ್ಕೆ ಹೆಂಗಸರ ಮೇಳದ ಹಾಡು, ಅಷ್ಟೆ. ಆ ಹೊತ್ತಿನಲ್ಲಿ ಹಾಲ್‌ನ ಫ್ಯಾನುಗಳ ಸದ್ದೂ ಜೋರಾಗಿ ಕೇಳಿಸುತ್ತದೆ. ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಷ್ಟೇ ಇರುವ ದಿನಕ್ಕೆ ಅದನ್ನು ಎತ್ತಿಡಿ.

ಮೊದಲ ತಿಂಗಳು ಮಧ್ಯಾಹ್ನವಾದರೆ ಹಯಾವೊ ಮಿಯಾಜಾಕಿ ಅವರ 'ಮೈ ನೈಬರ್ ಟೊಟೊರೊ' (1988). 86 ನಿಮಿಷ, ತುಂಬ ಹಸಿರು, ತುಂಬ ಬಿಸಿಲು. ಅರೆಕತ್ತಲಿನ ಹಾಲ್‌ನಲ್ಲೂ ಬದುಕುಳಿಯುವ ಚಿತ್ರವಿದು. ಬಸ್ ಸ್ಟಾಪಿನ ದೃಶ್ಯವೊಂದಕ್ಕಾಗಿಯೇ ಹಾಕಬಹುದು. ಮಳೆಯಲ್ಲಿ ತಂಗಿಯನ್ನು ಬೆನ್ನಿಗೆ ಹಾಕಿಕೊಂಡು ಅಪ್ಪನಿಗಾಗಿ ಕಾಯುವ ಹುಡುಗಿ, ಪಕ್ಕದಲ್ಲಿ ತಲೆಯ ಮೇಲೆ ಒಂದು ಎಲೆ ಇಟ್ಟುಕೊಂಡು ನಿಂತ ದೈತ್ಯ. ಅವಳು ಕೊಟ್ಟ ಕೊಡೆಯ ಮೇಲೆ ಮರದಿಂದ ಹನಿ ಬಿದ್ದು 'ಟಪ್' ಎಂದಾಗ ಅದಕ್ಕಾಗುವ ಪುಳಕ ನೋಡಬೇಕು. ಇನ್ನಷ್ಟು ಹನಿ ಬೇಕೆಂದು ಅದು ನೆಗೆಯುತ್ತದೆ, ಮರದಲ್ಲಿದ್ದ ನೀರೆಲ್ಲ ಒಂದೇ ಸಲ ಸುರಿಯುತ್ತದೆ. ಮಲೆನಾಡಿನಲ್ಲಿ ಬೆಳೆದವರಿಗೆ ಈ ದೃಶ್ಯವನ್ನು ಯಾರೂ ವಿವರಿಸಬೇಕಿಲ್ಲ. ಮಳೆ ನಿಂತ ಮೇಲೂ ಮರದಡಿ ಸುರಿಯುವ ಮಳೆ ಅವರಿಗೆ ಗೊತ್ತು.

ಎರಡನೆಯದು 'ದ ಗರ್ಲ್ ಹೂ ಲೆಪ್ಟ್ ಥ್ರೂ ಟೈಮ್' (2006). ಕಾಲದಲ್ಲಿ ಹಿಂದಕ್ಕೆ ಹಾರುವ ಶಕ್ತಿ ಸಿಕ್ಕಿದ ಹುಡುಗಿ ಲೋಕವನ್ನೇನೂ ಉದ್ಧಾರ ಮಾಡುವುದಿಲ್ಲ. ತಂಗಿ ತಿಂದುಬಿಟ್ಟ ಪುಡ್ಡಿಂಗನ್ನು ತಾನು ತಿನ್ನಲು, ಕರಾವೊಕೆ ಹಾಡಿನ ಸಮಯವನ್ನು ಹಿಗ್ಗಿಸಲು ಆ ಶಕ್ತಿಯನ್ನು ಖರ್ಚು ಮಾಡುತ್ತಾಳೆ. ನಿಮ್ಮ ವಿದ್ಯಾರ್ಥಿಗಳಿಗೆ ತಮ್ಮದೇ ಕಥೆ ಅನ್ನಿಸುತ್ತದೆ. ಆಮೇಲೆ ಮಿಯಾಜಾಕಿ ಅವರದೇ 'ನೌಸಿಕಾ' (1984). ಕಲ್ಪನಾಲೋಕವೋ ವೈಜ್ಞಾನಿಕ ಕಥೆಯೋ ಎಂಬ ನಿಮ್ಮ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಮೇವಿಲ್ಲ. ಎಲ್ಲರೂ ಹೆದರುವ ವಿಷದ ಕಾಡು ಬುಡದಲ್ಲಿ ಮಣ್ಣನ್ನೂ ನೀರನ್ನೂ ಶುದ್ಧ ಮಾಡುತ್ತಿರುತ್ತದೆ. ಸಸ್ಯಶಾಸ್ತ್ರದ ಅಧ್ಯಾಪಕರನ್ನು ಆ ದಿನ ತಪ್ಪದೆ ಕರೆಯಿರಿ. ನಾಲ್ಕನೆಯದು 'ಅಕಿರಾ', ಐದನೆಯದು 'ಘೋಸ್ಟ್ ಇನ್ ದ ಶೆಲ್'. ಗಿಬ್ಲಿ ಬಣದವರು ನೌಸಿಕಾ ನಮ್ಮದೇ ಎಂದು ಬೀಗಿದರೆ, ಆ ಚಿತ್ರ ಬಂದಾಗ ಗಿಬ್ಲಿ ಸಂಸ್ಥೆ ಹುಟ್ಟಿಯೇ ಇರಲಿಲ್ಲ ಎಂದು ನೆನಪಿಸಿ.

ಪ್ರಶ್ನೆ: ಸಬ್‌ಟೈಟಲ್ ಒಳ್ಳೆಯದೋ, ಇಂಗ್ಲಿಷ್ ಡಬ್ಬಿಂಗ್ ಒಳ್ಳೆಯದೋ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೂಲ ಧ್ವನಿಯೇ ನನಗಿಷ್ಟ. ಆದರೆ ನಮ್ಮ ಹಾಲ್‌ಗಳಲ್ಲಿ ಪರದೆಯನ್ನು ಎಷ್ಟು ಕೆಳಗೆ ಕಟ್ಟುತ್ತಾರೆಂದರೆ ಹಿಂದಿನವರು ಓದುವುದು ಮುಂದಿನವರ ಜಡೆಯನ್ನು. ಕುರ್ಚಿಯಲ್ಲಿ ಕೂತವರ ತಲೆ ನೆಲದಿಂದ ಸುಮಾರು ನಾಲ್ಕು ಅಡಿಗೆ ಬರುತ್ತದೆ. ಪರದೆಯ ಕೆಳಗಂಚು ಅದಕ್ಕಿಂತ ಅರ್ಧ ಅಡಿಯಾದರೂ ಮೇಲಿರಲಿ. ಅದು ಆಗದಿದ್ದರೆ ಡಬ್ಬಿಂಗ್ ಹಾಕಿ, ಯಾರೂ ನಿಮ್ಮನ್ನು ಗಲ್ಲಿಗೇರಿಸುವುದಿಲ್ಲ. ಎರಡರಲ್ಲೂ ಕೆಲವು ಸಂಗತಿಗಳು ಸೋರಿಹೋಗುತ್ತವೆ. 'ಸ್ಪಿರಿಟೆಡ್ ಅವೇ'ಯಲ್ಲಿ ಮಾಟಗಾತಿ ಹುಡುಗಿಯ ಹೆಸರು ಕದಿಯುವುದನ್ನೇ ನೋಡಿ. ಚಿಹಿರೊ ಎಂಬ ಹೆಸರನ್ನು ಜಪಾನಿ ಲಿಪಿಯಲ್ಲಿ ಎರಡು ಅಕ್ಷರಗಳಲ್ಲಿ ಬರೆಯುತ್ತಾರೆ. ಮಾಟಗಾತಿ ಒಂದನ್ನು ಕಿತ್ತುಕೊಳ್ಳುತ್ತಾಳೆ. ಉಳಿದ ಅಕ್ಷರವನ್ನು ಒಂಟಿಯಾಗಿ ಓದಿದರೆ 'ಸೆನ್', ಅಂದರೆ ಸಾವಿರ. ಹೆಸರು ಹೋಗಿ ಬರೀ ಸಂಖ್ಯೆ ಉಳಿಯಿತು. ಪ್ರದರ್ಶನಕ್ಕೆ ಮುಂಚೆ ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರೆ ಎರಡು ನಿಮಿಷದ ಕೆಲಸ.

ಪ್ರಶ್ನೆ: ಟಿಕೆಟ್ ಇಡದೆ, ನಮ್ಮ ಒಟಿಟಿ ಖಾತೆಯಿಂದಲೇ ಬಡಾವಣೆಯ ಸಮುದಾಯ ಭವನದಲ್ಲಿ ತೋರಿಸಿದರೆ ತಪ್ಪೇನು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಆ ಖಾತೆ ನಿಮ್ಮ ಮನೆಯ ಮಟ್ಟಿಗೆ. ದುಡ್ಡು ತೆಗೆದುಕೊಳ್ಳದಿದ್ದರೂ ಸಾರ್ವಜನಿಕ ಪ್ರದರ್ಶನ ಪ್ರದರ್ಶನವೇ, ಹಕ್ಕುದಾರರ ಒಪ್ಪಿಗೆ ಬೇಕು. ಮೇಲೆ ಮೈಸೂರಿನವರಿಗೆ ಇಷ್ಟು ಧೈರ್ಯವಾಗಿ ಸಲಹೆ ಕೊಟ್ಟದ್ದಕ್ಕೆ ಕಾರಣವಿದೆ. ಶಿಕ್ಷಣ ಸಂಸ್ಥೆಯ ಚಟುವಟಿಕೆಯಾಗಿ, ಅಲ್ಲಿನ ವಿದ್ಯಾರ್ಥಿಗಳು, ಸಿಬ್ಬಂದಿ ಮತ್ತು ಪೋಷಕರಿಗಷ್ಟೇ ತೋರಿಸುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ವಿನಾಯಿತಿ ಇದೆ. ಬಡಾವಣೆಗೆ ಅದು ಸಿಗದು. ವಿತರಕರಿಗೆ ಒಂದು ಪತ್ರ ಬರೆಯಿರಿ. ಜಪಾನ್ ಫೌಂಡೇಶನ್ ನಡೆಸುವ ಚಿತ್ರೋತ್ಸವ ನಿಮ್ಮ ಊರಿಗೂ ಬಂದಿದೆ, ಅದರ ಮೇಲೂ ಕಣ್ಣಿಡಿ.

ಪ್ರಶ್ನೆ: ನನಗೆ 68 ವರ್ಷ. ಮೊಮ್ಮಗಳು ಅನಿಮೆ ನೋಡಲು ಕರೆಯುತ್ತಾಳೆ. ಜಪಾನಿನ ಕಾರ್ಟೂನಿನಲ್ಲಿ ನನಗೇನಿದೆ?
– ಓದುಗರೊಬ್ಬರು, ಶಿರಸಿ

ಉತ್ತರ: ತೊಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಮಕ್ಕಳ ಜೊತೆ ಮೋಗ್ಲಿಯನ್ನು ನೋಡಿರಬೇಕಲ್ಲ? ಹಾಡು ಗುಲ್ಜಾರ್ ಅವರದು, ಚಿತ್ರ ಮಾತ್ರ ಜಪಾನಿನದು. ನಿಮಗೆ ಗೊತ್ತಿಲ್ಲದೆಯೇ ನೀವು ಹಳೆಯ ಅಭಿಮಾನಿ. ಜಪಾನಿನ ಯುಗೊ ಸಾಕೊ ಅವರು ನಮ್ಮ ಅನಿಮೇಶನ್ ಕಲಾವಿದ ರಾಮ್ ಮೋಹನ್ ಅವರ ಜೊತೆ ಸೇರಿ ಮಾಡಿದ ರಾಮಾಯಣದ ಅನಿಮೆಯೂ 2025ರ ಜನವರಿಯಲ್ಲಿ ಇಲ್ಲಿನ ಚಿತ್ರಮಂದಿರಗಳಿಗೆ ಮರಳಿ ಬಂದಿತ್ತು. ಮೊಮ್ಮಗಳ ಜೊತೆ ಹೋಗಿ, ಆದರೆ ಯಾವ ಚಿತ್ರ ಎಂದು ಮೊದಲು ಕೇಳಿಕೊಳ್ಳಿ. ಎರಡನೆಯ ಸಾಲಿನ ಆ ತಾಯಿಯನ್ನು ಮರೆಯಬೇಡಿ.

ಪ್ರಶ್ನೆ: ಚಿತ್ರವೇ ಏಕೆ, ಸರಣಿ ತೋರಿಸಬಾರದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ತಿಂಗಳಿಗೊಮ್ಮೆ ಸೇರುವ ಕೂಟಕ್ಕೆ 26 ಕಂತಿನ ಸರಣಿ ಎಂದರೆ ಮೊದಲ ಕಂತು ನೋಡಿದವರು ಕೊನೆಯ ಕಂತಿಗೆ ಊರಲ್ಲಿರುವುದಿಲ್ಲ. 'ಮುಶಿಶಿ' ಮಾತ್ರ ಬೇರೆ, ಅದರ ಬಹುತೇಕ ಕಂತುಗಳು ಬಿಡಿ ಕಥೆಗಳು. ದೆವ್ವವೂ ಅಲ್ಲದ ಹುಳುವೂ ಅಲ್ಲದ ಜೀವಿಗಳ ಹಿಂದೆ ಅಲೆಯುವ ಒಬ್ಬ ಮನುಷ್ಯ, ಅವನು ಹೋದಲ್ಲೆಲ್ಲ ಒಂದು ಕಥೆ. ಮೊದಲ ಕಂತಿನಲ್ಲಿ ಎಡಗೈಯಲ್ಲಿ ಬರೆದದ್ದಕ್ಕೆಲ್ಲ ಜೀವ ಬರುವ ಹುಡುಗನಿದ್ದಾನೆ. ನಮ್ಮ ಶಾಲೆಯಲ್ಲಿ ಅದನ್ನು ತೋರಿಸಿದ ಮರುದಿನ ಚಿತ್ರಕಲೆಯ ತರಗತಿಗೆ ಹೋದರೆ ಅರ್ಧ ಮಕ್ಕಳು ಪೆನ್ಸಿಲನ್ನು ಎಡಗೈಗೆ ತೆಗೆದುಕೊಂಡಿದ್ದರು.